ಅಂಜಿಕೆಗೆ ಕಿವಿಗೊಡುವವರು



ಪುಣೆಯ ದಕ್ಷಿಣಕ್ಕೆ, ಸ್ವಾರಗೇಟಿನಿಂದ ಆಚೆ, ಮಾರ್ಕೆಟ್ ಯಾರ್ಡಿನ ಬೆನ್ನಿಗೆ ಬಿಬವೇವಾಡಿ ಇದೆ. ಇಪ್ಪತ್ತೆರಡು ವರ್ಷಗಳಿಂದ ನನ್ನ ಮನೆ ಅಲ್ಲೇ. ಬೆಳಗಿನ ಜಾವಕ್ಕೇ ಈರುಳ್ಳಿ, ಸೊಪ್ಪು ಹೊತ್ತ ಟೆಂಪೋಗಳು ಯಾರ್ಡಿಗೆ ಓಡುತ್ತವೆ. ಎಂಟರ ಹೊತ್ತಿಗೆ ಅದೇ ರಸ್ತೆಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಕಾಣುತ್ತಾರೆ. ಹತ್ತಿರದಲ್ಲೇ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಲಾತೂರು, ಸೊಲ್ಲಾಪುರ, ವಿಜಯಪುರ, ಕಲಬುರಗಿ ಕಡೆಯ ಮಕ್ಕಳು ಇಲ್ಲಿ ಒಂದೊಂದು ಕೋಣೆಗೆ ಮೂವರಂತೆ ಬಾಡಿಗೆಗೆ ಇರುತ್ತಾರೆ. ಪುಣೆಗೆ ಕನ್ನಡ ಹೊಸದಲ್ಲ. ಗದಗಿನ ಭೀಮಸೇನ ಜೋಶಿಯವರು ಬಾಳಿದ ಊರಿದು. ಕನ್ನಡ ಸಂಘ ಇಲ್ಲಿ ಶಾಲೆ ಕಾಲೇಜುಗಳನ್ನು ನಡೆಸುತ್ತಿದೆ. ಕಟ್ಟಡದ ಕೆಲಸಕ್ಕೆ ನಮ್ಮ ಕಡೆಯಿಂದ ಬಂದವರಂತೂ ಊರ ತುಂಬ ಇದ್ದಾರೆ. ಆದರೂ ಹದಿನೆಂಟು ತುಂಬಿದ ಹುಡುಗನೊಬ್ಬ ರಾತ್ರಿ ಎರಡಕ್ಕೆ ಎದ್ದು ಕೂತು ಬೆವರುತ್ತಿದ್ದಾಗ, ಅವನ ಮಾತಿನಲ್ಲೇ ಅವನನ್ನು ಮಾತಾಡಿಸುವ ತಜ್ಞರು ಎಲ್ಲಿದ್ದಾರೆ ಎಂಬುದು ನನಗೆ ತಿಳಿದಿರಲಿಲ್ಲ.

ಆ ಹುಡುಗ ನನ್ನ ಅಕ್ಕನ ಮಗ. ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿ ಬೆಳೆದು, ಎಂಜಿನಿಯರಿಂಗ್ ಓದಲು ಬಂದು ನಮ್ಮ ಮನೆಯಲ್ಲೇ ಇದ್ದಾನೆ. ಅವನ ಒಪ್ಪಿಗೆ ಪಡೆದೇ ಈ ಮಾತು ಹೇಳುತ್ತಿದ್ದೇನೆ. ಮೊದಲ ವರ್ಷ, ಮಳೆಗಾಲದ ಒಂದು ಬೆಳಿಗ್ಗೆ, ಅವನಿಗೆ ಕಾಲೇಜಿನಲ್ಲಿ ಮೌಖಿಕ ಪರೀಕ್ಷೆ ಇತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡವನು ಹೊಸ್ತಿಲ ಮೇಲೇ ಕುಸಿದು ಕೂತ. "ಚಿಗವ್ವ, ಉಸಿರ ಹಿಡದಂಗ ಆಗೇತಿ. ಕೈ ಜೋಮ ಹಿಡದಾವು. ನಾ ಉಳಿಯಾಂಗಿಲ್ಲ ಅನಸಾಕತ್ತೈತಿ" ಅಂದ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಇಸಿಜಿ ತೆಗೆದರು, ರಕ್ತ ನೋಡಿದರು. "ಏನೂ ಇಲ್ಲ, ಟೆನ್ಷನ್ ತಗೋಬೇಡ" ಎಂದು ಕಳಿಸಿದರು. ಹೃದಯಕ್ಕೆ ಏನೂ ಆಗಿಲ್ಲ ಎಂಬುದು ನಿಜವಾಗಿತ್ತು. ನಾವು ಮಾತ್ರ ಅದನ್ನು ಹುಡುಗನಿಗೇ ಏನೂ ಆಗಿಲ್ಲ ಎಂದು ಕೇಳಿಸಿಕೊಂಡೆವು. ಆ ತಿಂಗಳಲ್ಲಿ ಇನ್ನೆರಡು ಸಲ ಹಾಗೇ ಆಯಿತು. ಆಮೇಲೆ ಅವನು ಮೌಖಿಕ ಪರೀಕ್ಷೆಗಳನ್ನು ತಪ್ಪಿಸತೊಡಗಿದ. ನಂತರ ಪ್ರಾಕ್ಟಿಕಲ್ ಬಿಟ್ಟ, ಕೊನೆಗೆ ಕಾಲೇಜಿನ ದಾರಿಯನ್ನೇ ಬಿಟ್ಟ.

ಆತಂಕದ ಕಾಯಿಲೆ ಬೆಳೆಯುವ ರೀತಿಯೇ ಇದು. ಹಾವು ಕಂಡಾಗ ಎದೆ ಹೊಡೆದುಕೊಳ್ಳುವುದು, ಉಸಿರು ವೇಗವಾಗುವುದು, ಕೈಕಾಲಿಗೆ ರಕ್ತ ನುಗ್ಗುವುದು ದೇಹ ನಮ್ಮನ್ನು ಉಳಿಸಲು ಮಾಡುವ ಕೆಲಸ. ಹಾವಿಲ್ಲದ ಕಡೆಯೂ, ಮೇಷ್ಟ್ರ ಮುಂದೆ ನಿಂತಾಗಲೂ ಅದೇ ಗಂಟೆ ಬಡಿಯತೊಡಗಿದರೆ ಅದು ಕಾಯಿಲೆ. ಹೆದರಿದ ಜಾಗಕ್ಕೆ ಹೋಗದಿದ್ದರೆ ಆ ದಿನಕ್ಕೆ ಹಾಯೆನಿಸುತ್ತದೆ. ಆ ಹಾಯಿಗಾಗಿ ಮರುದಿನವೂ ತಪ್ಪಿಸಿಕೊಳ್ಳುತ್ತೇವೆ. ಹೀಗೆ ತಪ್ಪಿಸಿಕೊಂಡಷ್ಟೂ ಅಂಜಿಕೆ ಕೊಬ್ಬುತ್ತದೆ. ಹುಡುಗ ಸೋಮಾರಿಯಾದ, ಮೊಬೈಲಿಗೆ ಬಿದ್ದ ಎಂದು ಮನೆಯವರು ಬೈಯುವುದು ಸರಿಯಾಗಿ ಇದೇ ಹೊತ್ತಿನಲ್ಲಿ. ನಾನೂ ಬೈದೆ. ಅದು ನನ್ನ ತಪ್ಪು.

ಅಕ್ಕ ಫೋನಿನಲ್ಲಿ ದೃಷ್ಟಿ ತೆಗೆಸು ಅಂದಳು. ತೆಗೆದೆವು. ತಾಯಿಯ ಸಮಾಧಾನಕ್ಕೆ ಉಪ್ಪು ಮೆಣಸಿನಕಾಯಿ ಇಳಿಸಿದರೆ ಕೆಡುವುದು ಏನೂ ಇಲ್ಲ. ಅಲ್ಲಿಗೇ ನಿಂತರೆ ಕೆಡುತ್ತದೆ. ಭಾವ ಮಾತ್ರ, "ಹುಚ್ಚರ ದವಾಖಾನಿಗೆ ಒಯ್ದರ ಮಂದಿ ಏನಂತಾರ" ಎಂದು ಹಿಂಜರಿದರು. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅಂದರೆ ಐವತ್ತು ಮಕ್ಕಳಿರುವ ಒಂದು ತರಗತಿಯಲ್ಲಿ ಮೂವರು, ನಾಲ್ವರು. ಭಾವನಿಗೆ ನಾನು ಹೇಳಿದ್ದು ಇಷ್ಟೇ: "ನೀವು ಅಂಜೋ ಆ ಮಂದಿ ಮನಿಯೊಳಗೂ ಇಂಥಾ ಹುಡುಗರು ಅದಾರ."

ಹತ್ತಿರದಲ್ಲಿ ಒಬ್ಬ ಆಪ್ತಸಲಹೆಗಾರರ ಬಳಿ ಹೋದೆವು. ಒಳ್ಳೆಯ ಮನಸ್ಸಿನವರು. ಮರಾಠಿಯಲ್ಲಿ ಕೇಳಿದರು, ಇಂಗ್ಲಿಷಿನಲ್ಲಿ ಕೇಳಿದರು. ಹುಡುಗನಿಗೆ ಎರಡೂ ಬರುತ್ತವೆ, ಪೇಟೆಗೆ ಸಾಕಾಗುವಷ್ಟು. "ಐ ಫೀಲ್ ಟೆನ್ಸ್" ಎಂಬುದರಿಂದ ಮುಂದೆ ಅವನಿಗೆ ಹೋಗಲಾಗಲಿಲ್ಲ. ಮನೆಗೆ ಬಂದು ಚಹಾ ಕುಡಿಯುತ್ತ ನನ್ನೆದುರು ಅವನು ಹೇಳಿದ್ದು ಬೇರೆಯೇ ಆಗಿತ್ತು. ಪರೀಕ್ಷೆ ನೆನೆದರೆ "ಎದಿ ಧಸಕ್ ಅಂತೈತಿ". ರಾತ್ರಿ ಮಲಗಿದರೆ "ಹೊಟ್ಟ್ಯಾಗ ತಳಮಳ". ತರಗತಿ ತಪ್ಪಿಸಿದ ಮೇಲೆ ಸಂಜೆತನಕ "ಹಳಹಳಿ". ಈ ಮೂರು ಒಂದೇ ಅಲ್ಲ. ಮೊದಲನೆಯದು ಕ್ಷಣದಲ್ಲಿ ಬಡಿಯುವ ಭಯ, ಎರಡನೆಯದು ಮುಂದೇನೋ ಎಂಬ ಕಳವಳ, ಮೂರನೆಯದು ಮಾಡಿದ್ದಕ್ಕೆ ಮನಸ್ಸು ಕೊರೆಯುವುದು. ಚಿಕಿತ್ಸೆ ಕೊಡುವವರಿಗೆ ಈ ಮೂರೂ ಬೇರೆ ಬೇರೆ ದಾರಿ ತೋರಿಸುತ್ತವೆ. ಇಂಗ್ಲಿಷಿನಲ್ಲಿ ಅವನು ಮೂರಕ್ಕೂ ಟೆನ್ಷನ್ ಅಂದುಬಿಟ್ಟಿದ್ದ. ಕನ್ನಡದಲ್ಲಿ ಅಂಜುವ ಮಗುವಿಗೆ ಕನ್ನಡದಲ್ಲಿ ಕೇಳುವವರೇ ಬೇಕು ಎಂದು ಆ ದಿನ ನನಗೆ ಗಟ್ಟಿಯಾಯಿತು. ಬಿಬವೇವಾಡಿಯಲ್ಲಿ ಅಂಥವರು ನಮಗೆ ಸಿಗಲಿಲ್ಲ. ಆದ್ದರಿಂದ ಆನ್‌ಲೈನ್ ಹುಡುಕಿದೆವು.

"ಎದುರಿಗೆ ಕೂತು ನಾಡಿ ನೋಡದ ಎಂಥಾ ಔಷಧ?" ಎಂದು ಭಾವ ಕೇಳಿದರು. ಬಾನುಲಿ ಕೇಳುತ್ತಿರುವ ನಿಮ್ಮಲ್ಲೂ ಕೆಲವರಿಗೆ ಹಾಗೆ ಅನ್ನಿಸಬಹುದು. ನಿಮಗೆ ಈಗ ನನ್ನ ಮುಖ ಕಾಣುತ್ತಿಲ್ಲ, ಮಾತು ಮಾತ್ರ ಬರುತ್ತಿದೆ. ಕನ್ನಡ ನಾಡಿಗೆ ಈ ಬಾನುಲಿಯನ್ನು ತಂದವರು ಯಾರೆಂದು ನೆನಪಿಸಿಕೊಳ್ಳಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿ, ಅದನ್ನು ಆಕಾಶವಾಣಿ ಎಂಬ ಹೆಸರಿನಲ್ಲಿ ನಡೆಸಿದವರು ಡಾ. ಎಂ.ವಿ. ಗೋಪಾಲಸ್ವಾಮಿ. ಅವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನಸ್ಸನ್ನು ಓದಿದ ಒಬ್ಬರು ದೂರದ ದನಿಯನ್ನು ಜನರ ಮನೆಯೊಳಗೆ ತಂದದ್ದು ನನಗೆ ಬಹಳ ದೊಡ್ಡ ಸಂಗತಿ ಅನ್ನಿಸುತ್ತದೆ. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯದೆ ಮಾನಸಿಕ ಚಿಕಿತ್ಸೆಯನ್ನೇ ಜನರ ಹತ್ತಿರ ಒಯ್ಯುವ ಪ್ರಯೋಗವೂ ನಮ್ಮ ನೆಲದ್ದೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಅದನ್ನು ಮಾಡಿ ತೋರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು.

ಹುಡುಕಾಟ ಸುಲಭವಾಗಿರಲಿಲ್ಲ. ಮೊಬೈಲಿನಲ್ಲಿ ಒಮ್ಮೆ ಆತಂಕ ಎಂದು ಹುಡುಕಿದ್ದೇ ತಡ, ಜಾಹೀರಾತುಗಳು ಬೆನ್ನು ಹತ್ತಿದವು. ಒಂದು ಕಡೆ ಹತ್ತು ಭೇಟಿಗಳ ಹಣ ಮೊದಲೇ ಕಟ್ಟಿ ಅಂದರು. ಇನ್ನೊಂದು ಕಡೆ, ಇಪ್ಪತ್ತೊಂದು ದಿನಗಳಲ್ಲಿ ಭಯ ಮಾಯ ಅಂದರು. ಮಾತಾಡಿಸಿ ನೋಡಿದರೆ ಆ ವ್ಯಕ್ತಿ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಮಾಡಿಕೊಂಡ 'ಕೋಚ್'. ಇಂಥ ಮಾತಿಗೆ ಬೀಳಬೇಡಿ ಎಂದು ಕೈಮುಗಿದು ಕೇಳುತ್ತೇನೆ. ದಿನ ಎಣಿಸಿ ವಾಸಿ ಮಾಡುತ್ತೇನೆ ಎನ್ನುವವರು ಮಗುವಿನ ಮಾತನ್ನು ಇನ್ನೂ ಕೇಳಿಯೇ ಇರುವುದಿಲ್ಲ.

ಯಾರು ಯಾರೆಂದು ತಿಳಿದುಕೊಳ್ಳುವುದು ಇಲ್ಲಿ ಮುಖ್ಯ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದ ಡಾಕ್ಟರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಔಷಧಿ ಬರೆಯುವುದಿಲ್ಲ, ಮಾತಿನ ಚಿಕಿತ್ಸೆ ಮಾಡುತ್ತಾರೆ. ಅವರಲ್ಲಿ ಹೆಚ್ಚಿನವರು ಎಂ.ಫಿಲ್. ತರಬೇತಿ ಪಡೆದವರು, ಮತ್ತು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ ಅವರ ಹೆಸರು ನೋಂದಣಿ ಆಗಿರಬೇಕು. ಆ ನೋಂದಣಿ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಆಪ್ತಸಲಹೆಗಾರರಲ್ಲಿ ಮನಶ್ಶಾಸ್ತ್ರದ ಎಂ.ಎ., ಎಂ.ಎಸ್‌ಸಿ. ಮಾಡಿ ಚೆನ್ನಾಗಿ ಪಳಗಿದವರಿದ್ದಾರೆ, ಏನೂ ಓದದೆ ಫಲಕ ಹಾಕಿಕೊಂಡವರೂ ಇದ್ದಾರೆ. 'ಥೆರಪಿಸ್ಟ್' ಎಂಬ ಹೆಸರು ಹಾಕಿಕೊಂಡ ಮಾತ್ರಕ್ಕೆ ಓದು ಇದೆ ಎಂದು ನಂಬುವಂತಿಲ್ಲ. ಆದ್ದರಿಂದ ಏನು ಓದಿದ್ದೀರಿ, ಎಲ್ಲಿ ತರಬೇತಿ, ನೋಂದಣಿ ಸಂಖ್ಯೆ ಏನು, ಈ ವಯಸ್ಸಿನವರ ಆತಂಕಕ್ಕೆ ಯಾವ ಪದ್ಧತಿ ಬಳಸುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಒಳ್ಳೆಯವರು ಬೇಸರಿಸುವುದಿಲ್ಲ.

ನಮಗೆ ಮೊದಲ ಬಾಗಿಲು ತೆರೆದದ್ದು 14416. ಇದು ಟೆಲಿ ಮಾನಸ್, ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮುಖ್ಯ ಕೇಂದ್ರ, ತಂತ್ರಜ್ಞಾನದ ನೆರವು ಬೆಂಗಳೂರಿನ ಐಐಐಟಿಯದು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ. ಇಪ್ಪತ್ತು ಭಾಷೆಗಳಲ್ಲಿ ಸೇವೆ ಇದೆ, ಅದರಲ್ಲಿ ಕನ್ನಡವೂ ಒಂದು. ಕರೆ ಮಾಡಿದವರು ತಮ್ಮ ಭಾಷೆ ಆರಿಸಿಕೊಳ್ಳಬಹುದು. ಮೊದಲು ತರಬೇತಿ ಪಡೆದ ಸಲಹೆಗಾರರು ಮಾತಾಡುತ್ತಾರೆ, ಬೇಕೆನಿಸಿದರೆ ತಜ್ಞರಿಗೆ ಒಪ್ಪಿಸುತ್ತಾರೆ. ಒಂದು ರಾತ್ರಿ ಹುಡುಗನೇ ಕರೆ ಮಾಡಿದ. ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಇಪ್ಪತ್ತು ನಿಮಿಷ ಕನ್ನಡದಲ್ಲಿ ಮಾತಾಡಿ ಹೊರಬಂದವನು, "ಅವರಿಗೆ ತಳಮಳ ಅಂದ್ರ ತಿಳೀತು ಚಿಗವ್ವ" ಅಂದ. ಆ ಮಾತು ಕೇಳಿ ನನಗೆ ಅಳು ಬಂತು. ಆ ತಿಂಗಳಲ್ಲಿ ಅವನು ಅಷ್ಟು ಹಗುರಾಗಿ ಮಾತಾಡಿದ್ದು ಅದೇ ಮೊದಲು.

ಸಹಾಯವಾಣಿ ಕಷ್ಟದ ಗಳಿಗೆಯಲ್ಲಿ ಕೈಹಿಡಿಯುತ್ತದೆ, ದಾರಿ ತೋರಿಸುತ್ತದೆ. ವಾರ ವಾರವೂ ಒಬ್ಬರೇ ತಜ್ಞರು ಮಾಡುವ ಚಿಕಿತ್ಸೆಗೆ ಬೇರೆಯವರನ್ನು ಹುಡುಕಿಕೊಳ್ಳಬೇಕು ಎಂದು ಅವರೇ ಹೇಳಿದರು. ಪರಿಚಯದವರೊಬ್ಬರ ಮೂಲಕ ಉತ್ತರ ಕರ್ನಾಟಕದ ಚಿಕಿತ್ಸಾ ಮನಶ್ಶಾಸ್ತ್ರಜ್ಞೆಯೊಬ್ಬರ ಹೆಸರು ತಿಳಿಯಿತು. ನೋಂದಣಿ ನೋಡಿದೆವು, ಸರಿ ಇತ್ತು. ಮೊದಲ ಭೇಟಿಯಲ್ಲೇ ಆಕೆ ನಮ್ಮ ಮನೆಯ ಪೂರ್ತಿ ವಿಳಾಸ, ಹತ್ತಿರದ ಆಸ್ಪತ್ರೆಯ ಹೆಸರು, ತುರ್ತಿಗೆ ಯಾರಿಗೆ ಕರೆ ಮಾಡಬೇಕು ಎಂಬುದನ್ನೆಲ್ಲ ಬರೆದುಕೊಂಡರು. ನಡುವೆ ನೆಟ್‌ವರ್ಕ್ ಹೋದರೆ ಏನು ಮಾಡುವುದು ಎಂದೂ ನಿಶ್ಚಯಿಸಿದರು. ಥೈರಾಯ್ಡ್, ರಕ್ತಹೀನತೆಯ ಪರೀಕ್ಷೆ ಆಗಿದೆಯೇ, ಎಷ್ಟು ಚಹಾ ಕಾಫಿ ಕುಡಿಯುತ್ತಾನೆ, ನಿದ್ದೆ ಹೇಗಿದೆ ಎಂದು ಕೇಳಿದರು. ಎಷ್ಟು ಭೇಟಿ ಬೇಕಾಗಬಹುದು, ಒಂದಕ್ಕೆ ಎಷ್ಟು ಹಣ ಎಂಬುದನ್ನು ಮೊದಲೇ ಹೇಳಿದರು. ಇವೆಲ್ಲ ಕೆಲಸ ಗೊತ್ತಿರುವವರ ಗುರುತು.

ನಮ್ಮ ಹುಡುಗನಿಗೆ ಹದಿನೆಂಟು ಆಗಿತ್ತು. ಅದಕ್ಕಿಂತ ಚಿಕ್ಕವರಾದರೆ ಹೆತ್ತವರ ಅಥವಾ ಪಾಲಕರ ಒಪ್ಪಿಗೆ ಬೇಕು. 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಹದಿನಾರು ಅಥವಾ ಅದಕ್ಕಿಂತ ಚಿಕ್ಕ ವಯಸ್ಸಿನವರು ಡಾಕ್ಟರನ್ನು ದೂರದಿಂದ ಕಾಣುವಾಗ ದೊಡ್ಡವರೊಬ್ಬರು ಜೊತೆಗಿರಬೇಕು. ಜೊತೆಗಿರುವುದು ಬೇರೆ, ಮಗುವಿನ ಪರವಾಗಿ ತಾವೇ ಎಲ್ಲ ಉತ್ತರ ಹೇಳುವುದು ಬೇರೆ. ಎರಡನೆಯದನ್ನು ನಾವು ದೊಡ್ಡವರು ಬಹಳ ಮಾಡುತ್ತೇವೆ.

ನಮ್ಮಂಥ ಮನೆಗಳಲ್ಲಿ ನಿಜವಾದ ತೊಡಕು ಜಾಗದ್ದು. ನಮ್ಮದು ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ಗೋಡೆಯಾಚೆ ಮಾತಾಡಿದ್ದೆಲ್ಲ ಕೇಳುತ್ತದೆ. ಹೊರಗೆ ಕೇಳಿಸುತ್ತದೆ ಎಂದು ಗೊತ್ತಿದ್ದರೆ ಯಾವ ಮಗು ಮನಸ್ಸು ಬಿಚ್ಚೀತು? ಮೊದಲ ಎರಡು ವಾರ ಅವನು ಹೂಂ, ಇಲ್ಲ ಅನ್ನುವುದರಲ್ಲೇ ಮುಗಿಸಿದ. ಮೂರನೆಯ ವಾರ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಗುರುವಾರ ಸಂಜೆ ಆರೂವರೆಗೆ ಅವನ ಭೇಟಿ. ಆ ಹೊತ್ತಿಗೆ ನಾನು, ನಮ್ಮ ಯಜಮಾನರು, ಮಗಳು ಮೂವರೂ ಮನೆ ಬಿಟ್ಟು ತರಕಾರಿ ತರಲು ಹೋಗುತ್ತಿದ್ದೆವು. ಮಳೆ ಬಂದರೆ ಕೆಳಗಿನ ಪಾರ್ಕಿಂಗಿನಲ್ಲಿ ಮುಕ್ಕಾಲು ಗಂಟೆ ಕೂರುತ್ತಿದ್ದೆವು. ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದ. ಕೋಣೆಯಲ್ಲಿ ಗೆಳೆಯರೊಂದಿಗೆ ಇರುವ ಮಕ್ಕಳು ತಾರಸಿಗೆ, ನಿಲ್ಲಿಸಿದ ಕಾರಿಗೆ, ಪರಿಚಯದವರ ಅಂಗಡಿಯ ಒಳಕೋಣೆಗೆ ಹೋಗಿ ಮಾತಾಡುವುದನ್ನೂ ಕಂಡಿದ್ದೇನೆ. ನಿಮ್ಮ ಮನೆಯಲ್ಲಿ ಖಾಲಿ ಕೋಣೆ ಇದ್ದರೆ ಅಂಥ ಮಗುವಿಗೆ ವಾರಕ್ಕೊಂದು ಗಂಟೆ ಬಿಟ್ಟುಕೊಡಿ. ಮುಗಿದ ಮೇಲೆ "ಏನ್ ಹೇಳಿದಿ, ನನ್ನ ಬಗ್ಗೆ ಏನ್ ಅಂದಿ" ಎಂದು ಕೇಳಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಅವರ ಮಾತನ್ನು ಗುಟ್ಟಾಗಿಡುವ ಹಕ್ಕನ್ನು ಕೊಟ್ಟಿದೆ. ಕಾನೂನು ಕೊಟ್ಟ ಹಕ್ಕನ್ನು ಮನೆಯವರು ಕಸಿಯಬಾರದು.

ಆ ಮುಕ್ಕಾಲು ಗಂಟೆಯಲ್ಲಿ ನಡೆಯುವುದೇನು? ಸುಮ್ಮನೆ ಧೈರ್ಯ ಹೇಳುವುದಲ್ಲ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಸಿಬಿಟಿ ಎಂಬ ಪದ್ಧತಿಯಲ್ಲಿ ಹುಡುಗ ಮೊದಲು ತನ್ನ ಅಂಜಿಕೆಯ ಲೆಕ್ಕ ಬರೆಯಬೇಕಾಯಿತು. ಯಾವಾಗ ಬಂತು, ಆಗ ಮನಸ್ಸಿನಲ್ಲಿ ಏನು ಹೊಳೆಯಿತು, ಆಮೇಲೆ ಏನು ಮಾಡಿದೆ. ನಂತರ ಭಯಗಳನ್ನು ಏಣಿಯಂತೆ ಜೋಡಿಸಿದರು. ಕೆಳಗಿನ ಮೆಟ್ಟಿಲು: ಕಾಲೇಜಿನ ಗೇಟಿನವರೆಗೆ ಹೋಗಿ ಹತ್ತು ನಿಮಿಷ ನಿಂತು ಬರುವುದು. ಅದರ ಮೇಲಿನದು: ಬೆಳಗಿನ ಗದ್ದಲದಲ್ಲಿ ಪಿಎಂಪಿಎಂಎಲ್ ಬಸ್ಸು ಹತ್ತಿ ಸ್ವಾರಗೇಟಿಗೆ ಹೋಗುವುದು. ಆಮೇಲೆ ತರಗತಿಯಲ್ಲಿ ಒಂದು ಪ್ರಶ್ನೆ ಕೇಳುವುದು. ತುದಿಯ ಮೆಟ್ಟಿಲು ಮೌಖಿಕ ಪರೀಕ್ಷೆ. ಎದೆ ಹೊಡೆದುಕೊಳ್ಳುತ್ತಿದ್ದರೂ ಅಲ್ಲೇ ನಿಲ್ಲಬೇಕು, ಅದು ತಾನಾಗಿ ಇಳಿಯುವವರೆಗೆ. ಹಾಗೆ ಇಳಿಯುತ್ತದೆ ಎಂಬುದನ್ನು ದೇಹ ಅನುಭವಿಸಿಯೇ ಕಲಿಯಬೇಕು, ಹೇಳಿ ಕಲಿಸಲು ಬರುವುದಿಲ್ಲ.

ಈ ಪದ್ಧತಿ ಪರೀಕ್ಷೆಗೆ ಒಳಗಾದದ್ದು. 2008ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಆತಂಕದ ಕಾಯಿಲೆಯಿದ್ದ, 7ರಿಂದ 17 ವರ್ಷದ 488 ಮಕ್ಕಳು ಅದರಲ್ಲಿದ್ದರು. ಹನ್ನೆರಡು ವಾರಗಳ ಕೊನೆಗೆ ಸಿಬಿಟಿ ಪಡೆದವರಲ್ಲಿ ಸುಮಾರು ಶೇಕಡಾ 60, ಸರ್ಟ್ರಲಿನ್ ಎಂಬ ಔಷಧಿ ಮಾತ್ರ ಪಡೆದವರಲ್ಲಿ 55, ಎರಡನ್ನೂ ಪಡೆದವರಲ್ಲಿ 81 ಮಂದಿ ಚೆನ್ನಾಗಿ ಸುಧಾರಿಸಿದ್ದರು. ಔಷಧಿಯಂತೆ ಕಾಣುವ ಬರಿಯ ಮಾತ್ರೆ ಪಡೆದವರಲ್ಲಿ 24. ಅದು ಎದುರಿಗೆ ಕೂತು ಕೊಟ್ಟ ಚಿಕಿತ್ಸೆ. ಪರದೆಯ ಮೂಲಕ ಕೊಟ್ಟಾಗಲೂ ಈ ಪದ್ಧತಿಯಿಂದ ಆತಂಕ ಇಳಿಯುತ್ತದೆ ಎಂದು ಆಮೇಲಿನ ಹಲವು ಅಧ್ಯಯನಗಳು ತೋರಿಸಿವೆ. ಔಷಧಿ ಎಂದರೆ ಹೌಹಾರುವವರಿಗೂ ಈ ಅಂಕಿಗಳನ್ನೇ ತೋರಿಸುತ್ತೇನೆ. ಮನೋವೈದ್ಯರು ಬೇಕೆಂದರೆ ಕೊಡಿಸಿ, ಅವರನ್ನು ಕೇಳದೆ ನಿಲ್ಲಿಸಬೇಡಿ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ನಿದ್ದೆಯ ಮಾತ್ರೆ ಮಾತ್ರ ಬೇಡವೇ ಬೇಡ.

ಆನ್‌ಲೈನ್ ಚಿಕಿತ್ಸೆಯಲ್ಲಿ ಒಂದು ಅಪಾಯವಿದೆ, ಅದನ್ನು ನಾನು ಕಣ್ಣಾರೆ ಕಂಡೆ. ಹೊರಗೆ ಹೋಗಲು ಹೆದರುವ ಮಗುವಿಗೆ ಹೊರಗೆ ಹೋಗದೆ ಸಿಗುವ ಚಿಕಿತ್ಸೆ ಬಹಳ ಇಷ್ಟವಾಗುತ್ತದೆ. ಎಂಟು ಭೇಟಿ ಆದ ಮೇಲೂ ನಮ್ಮ ಹುಡುಗ ಬಸ್ಸು ಹತ್ತಿರಲಿಲ್ಲ. ಗುರುವಾರದ ಮಾತುಕತೆಯಷ್ಟೇ ಸಾಕು ಅನ್ನತೊಡಗಿದ್ದ. ರಾತ್ರಿಯೆಲ್ಲ ಮೊಬೈಲಿನಲ್ಲಿ ಚಾಟ್‌ಬಾಟ್ ಜೊತೆ ತನ್ನ ಭಯಗಳನ್ನು ಹೇಳಿಕೊಳ್ಳುತ್ತಿದ್ದ. ಅದು ಎಷ್ಟು ಹೊತ್ತಿಗೂ ಉತ್ತರ ಕೊಡುತ್ತದೆ, ಆದರೆ ಎದ್ದು ಬಸ್ಸು ಹತ್ತು ಎಂದು ಹಟ ಹಿಡಿಯುವುದಿಲ್ಲ, ಹತ್ತಿದೆಯಾ ಎಂದು ಮರುದಿನ ಕೇಳುವುದೂ ಇಲ್ಲ. ಚಿಕಿತ್ಸಕಿ ಇದನ್ನು ಗುರುತಿಸಿದರು. ಮುಂದಿನ ಭೇಟಿಯನ್ನು ಮನೆಯಲ್ಲಿ ಬೇಡ, ಬಸ್ ಸ್ಟಾಪಿನಲ್ಲಿ ನಿಂತು ಫೋನಿನಲ್ಲಿ ಮಾಡೋಣ ಅಂದರು. ಕಿವಿಯಲ್ಲಿ ಅವರ ದನಿ ಇಟ್ಟುಕೊಂಡೇ ಅವನು ಬಸ್ಸು ಹತ್ತಿದ. ಮಾರ್ಕೆಟ್ ಯಾರ್ಡಿನ ಹತ್ತಿರ ಎದೆ ಬಡಿತ ಏರಿತಂತೆ, ಸ್ವಾರಗೇಟ್ ಬರುವಷ್ಟರಲ್ಲಿ ಇಳಿಯಿತಂತೆ. ಊರಾಚೆ ಕೂತ ಚಿಕಿತ್ಸಕರು ಮಗುವನ್ನು ಹೀಗೆ ಬೀದಿಗೆ ಇಳಿಸಬಲ್ಲರಾದರೆ ಅವರೇ ಸರಿಯಾದವರು. ಮೂರು ತಿಂಗಳಾದರೂ ಮಗು ಕೋಣೆಯಿಂದ ಹೊರಬರದಿದ್ದರೆ ಬೇರೆಯವರನ್ನು ನೋಡಿ.

ಕೆಲವು ಹೊತ್ತಿಗೆ ಪರದೆ ಸಾಲದು. ಮಗು ಸಾಯುವ ಮಾತಾಡಿದರೆ, ತನಗೆ ತಾನೇ ಗಾಯ ಮಾಡಿಕೊಂಡರೆ, ಊಟ ನಿದ್ದೆ ಪೂರ್ತಿ ಬಿಟ್ಟರೆ, ಇಲ್ಲದ ದನಿಗಳು ಕೇಳುತ್ತಿವೆ ಅಂದರೆ ಒಂಟಿಯಾಗಿ ಬಿಡದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಪುಣೆಯಲ್ಲಾದರೆ ಸಸೂನ್ ಆಸ್ಪತ್ರೆಯಿದೆ, ಯರವಡಾದ ಪ್ರಾದೇಶಿಕ ಮಾನಸಿಕ ಆಸ್ಪತ್ರೆಯಿದೆ. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ಆ ಗಳಿಗೆಯಲ್ಲಿ ಭಾಷೆಗಾಗಿ ಕಾಯಬೇಡಿ.

ಕಾಲೇಜುಗಳನ್ನೂ ಕೇಳಬೇಕು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಕೊಟ್ಟ ನಿರ್ದೇಶನಗಳಲ್ಲಿ, ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಸಲಹೆಗಾರರು ಒಬ್ಬರಾದರೂ ಇರಬೇಕು ಎಂದಿದೆ. ಶುಲ್ಕ ಕಟ್ಟುವ ದಿನ, ಆ ಸಲಹೆಗಾರರು ಯಾರು, ಯಾವ ಭಾಷೆ ಬಲ್ಲರು ಎಂದು ಕೇಳಿ ಬನ್ನಿ.

ನಮ್ಮ ಹುಡುಗ ಈಗ ಎರಡನೆಯ ವರ್ಷದಲ್ಲಿದ್ದಾನೆ. ಒಂದು ವಿಷಯ ಉಳಿದುಕೊಂಡಿದೆ, ಉಳಿದವು ಪಾಸಾಗಿವೆ. ಮೌಖಿಕ ಪರೀಕ್ಷೆಯ ದಿನ ಎದೆ ಇನ್ನೂ ಧಸಕ್ ಅನ್ನುತ್ತದೆ, ಆದರೂ ಹೋಗುತ್ತಾನೆ. ಭೇಟಿ ಈಗ ತಿಂಗಳಿಗೊಂದು. ಊರಿಗೆ ಹೋದಾಗ ತನ್ನಂಥದೇ ತೊಂದರೆಯಿದ್ದ ಪಕ್ಕದ ಮನೆಯ ಹುಡುಗಿಗೆ ಆ ಸಹಾಯವಾಣಿಯ ನಂಬರು ತಾನೇ ಕೊಟ್ಟು ಬಂದ.

ಗ್ಯಾಸಿನವರ, ಹಾಲಿನವರ ನಂಬರು ಬರೆದಿಟ್ಟ ಕ್ಯಾಲೆಂಡರು ನಿಮ್ಮ ಅಡುಗೆಮನೆಯ ಗೋಡೆಯ ಮೇಲೆ ಇದ್ದೇ ಇರುತ್ತದೆ. ಈಗಲೇ ಎದ್ದು ಅದರ ಮೇಲೆ ಮಗುವಿನ ಕಣ್ಣಿಗೆ ಬೀಳುವ ಹಾಗೆ ಇನ್ನೊಂದು ನಂಬರು ಬರೆಯಿರಿ: 14416.